ಕಣದಲ್ಲಿ ಓಡಿದ ಟ್ರಗ್ಗಿ

ಕಳೆದ ತಿಂಗಳು ಕೆಲಮಂಗಲದ ಆಚೆಗಿನ ಒಂದು ಹಳ್ಳಿಯ ಮನೆಗೆ ಹೋಗಿದ್ದಾಗ ಅಲ್ಲಿ ಹಸುಗೂಸಿಗೆಂದು ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಮಸಿ ಕಟ್ಟಲು ಬಿಟ್ಟಿದ್ದರು. ನಡುಮನೆಯ ತುಂಬ ಸುಟ್ಟ ಹರಳೆಣ್ಣೆಯ ವಾಸನೆ. ಆ ವಾಸನೆಗೆ ಬೇರೆಯವರಿಗೆ ಬಾಣಂತಿಯ ಕೋಣೆ ನೆನಪಾಗುತ್ತದೆ. ನನಗೆ ಒಂದು ರೇಸ್ ಗಾಡಿ ನೆನಪಾಯಿತು. ಮೊಳದುದ್ದದ, ರಿಮೋಟಿನಿಂದ ಓಡುವ ಗಾಡಿ. ಅದನ್ನು ಆಟದ ಸಾಮಾನು ಎಂದರೆ ಮಗುವಿನ ತಾತ ನಾಗರಾಜ ಇವತ್ತಿಗೂ ಸಿಡುಕುತ್ತಾನೆ.

2008ರ ಮಳೆಗಾಲದ ಕೊನೆಗೆ ನಾನು ಬೆಂಗಳೂರಿನ ಒಂದು ಪತ್ರಿಕೆಯ ವರದಿಗಾರ್ತಿಯಾಗಿ ಹೊಸೂರಿಗೆ ಬಂದೆ. ನಾಗರಾಜನ ಮನೆಯ ಮಹಡಿಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಅವನು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ, ಅಂದರೆ ಅಚ್ಚು ಮಾಡುವ ವಿಭಾಗದಲ್ಲಿ, ಫಿಟ್ಟರ್. ಡಿಪ್ಲೊಮಾ ಓದಿದವನು, ಅದನ್ನು ದಿನಕ್ಕೊಮ್ಮೆಯಾದರೂ ಹೇಳುವವನು. ಒಬ್ಬಳೇ ಮಗಳು ಎರಡನೇ ತರಗತಿ. ಹೆಂಡತಿ ಸುಜಾತ ಅವನ ಸ್ವಂತ ಅಕ್ಕನ ಮಗಳು. ಹಾಗಾಗಿ ಅವಳು ಅವನನ್ನು ಮದುವೆಗೆ ಮುಂಚಿನಂತೆಯೇ ‘ಮಾಮ’ ಎನ್ನುತ್ತಿದ್ದಳು. ಅವನೂ ತನ್ನ ಮಾವ ಮುನಿಯಪ್ಪನವರನ್ನು, ಅಕ್ಕನ ಗಂಡನೆಂಬ ಹಳೆಯ ಸಲಿಗೆಯಲ್ಲಿ, ‘ಬಾವ’ ಎಂದೇ ಕರೆಯುತ್ತಿದ್ದ. ಆ ಭಾಗದಲ್ಲಿ ಇದು ಸಾಮಾನ್ಯ. ಮಾವನಿಗೆ ಕೊಡಬೇಕಾದ ಗೌರವ ಮತ್ತು ಬಾವನೊಂದಿಗೆ ಆಡಬಹುದಾದ ತಮಾಷೆ ಒಬ್ಬರಲ್ಲೇ ಸೇರಿಕೊಂಡರೆ ತಮಾಷೆಯೇ ಗೆಲ್ಲುತ್ತದೆ ಎಂಬುದನ್ನು ಅಲ್ಲಿ ನೋಡಿದೆ.

ನಾನು ಬರುವ ಹೊತ್ತಿಗೆ ನಾಗರಾಜನ ಬಲಗೈಗೆ ಬ್ಯಾಂಡೇಜು ಇತ್ತು. ಗಣೇಶನ ಹಬ್ಬದ ಸುಮಾರಿಗೆ, ತಗಡು ಒತ್ತುವ ಪ್ರೆಸ್ಸಿಗೆ ಹೊಸ ಅಚ್ಚು ಕೂರಿಸಿ ನೋಡುವಾಗ, ತೋರುಬೆರಳು ಮತ್ತು ನಡುಬೆರಳು ಸಿಕ್ಕಿಕೊಂಡಿದ್ದವು. ಬೆರಳು ಉಳಿದವು. ಬ್ಯಾಂಡೇಜು ಬಿಚ್ಚಿದ ಮೇಲೆ ಅರ್ಧ ಬಗ್ಗುತ್ತಲೂ ಇದ್ದವು. ಆದರೆ ಮುಟ್ಟಿದ್ದು ಅವಕ್ಕೆ ತಿಳಿಯುತ್ತಿರಲಿಲ್ಲ. ಬಿಸಿ ಲೋಟ ಹಿಡಿದು, ಸುಟ್ಟದ್ದು ಸುಜಾತ ಹೇಳಿದ ಮೇಲೆ ಗೊತ್ತಾಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಕಾರ್ಖಾನೆಯ ಡಾಕ್ಟರೂ ವಿಭಾಗದ ಮ್ಯಾನೇಜರೂ ಕೈ ನೋಡುವರೆಂದೂ, ಬೆಂಚಿನ ಮೇಲೆ ಲೋಹದ ತುಣುಕೊಂದನ್ನು ಅರದಿಂದ ಉಜ್ಜಿ ಅಚ್ಚಿನ ಸೀಳಿಗೆ ಸರಿಯಾಗಿ ಕೂರಿಸಿ ತೋರಿಸಬೇಕೆಂದೂ ಹೇಳಿದ್ದರು. ಆಗದಿದ್ದರೆ ಹಗುರ ಕೆಲಸ. ಹಗುರ ಕೆಲಸವೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

“ಗೇಟ್ನಾಗೆ ಕೂತ್ಕೊಂಡು ಟಿಫನ್ ಡಬ್ಬಿ ತೆಗ್ಸಿ ನೋಡೋದು” ಎಂದ ನಾಗರಾಜ. “ಹದಿನಾಲ್ಕು ವರ್ಷ ಅಚ್ಚು ಮಾಡ್ದೋನು ಪುಳಿಯೋಗರೆ ಚೆಕ್ ಮಾಡ್ಬೇಕು. ನಾನ್ ಹೋಗಲ್ಲ ಮೇಡಂ. ಟೂಲ್ ರೂಮ್‌ಗೇ ಹೋಗ್ತೀನಿ.”

ಆ ವರ್ಷ ಹೊಸೂರಿನಲ್ಲಿ ಕೈ ನೆಟ್ಟಗಿದ್ದವರಿಗೂ ಕೆಲಸ ಪೂರ್ತಿ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ದೂರದ ದೇಶಗಳಿಂದ ಬರುತ್ತಿದ್ದ ಆರ್ಡರುಗಳು ಕಡಿಮೆಯಾದವು. ಕಾರ್ಖಾನೆಗಳು ವಾರದ ನಡುವೆ ರಜೆ ಕೊಡತೊಡಗಿದವು. ಬೆಳಗ್ಗೆ ಹತ್ತು ಗಂಟೆಗೆ ಟೀ ಅಂಗಡಿಗಳ ಮುಂದೆ ಯೂನಿಫಾರ್ಮ್ ಇಲ್ಲದ ಗಂಡಸರು ನಿಂತಿರುತ್ತಿದ್ದರು. ನಾನು ಅದನ್ನು ವರದಿ ಮಾಡಿದೆ. ನಾಟ್ರಾಂಪಾಳ್ಯದ ಕಡೆ ಆನೆಗಳು ರಾಗಿ ಹೊಲಕ್ಕೆ ಇಳಿದದ್ದನ್ನೂ ವರದಿ ಮಾಡಿದೆ. ಡೆಸ್ಕಿನವರಿಗೆ ಆನೆಯೇ ಹೆಚ್ಚು ಹಿಡಿಸಿತು.

ಗಾಡಿಯ ವಿಷಯ ಇಲ್ಲಿಂದ ಶುರು. ಕೆಲವು ವರ್ಷದ ಹಿಂದೆ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶದ ಎಂಜಿನಿಯರೊಬ್ಬ ಹಿಂದಿರುಗುವಾಗ ತನ್ನ ಎರಡು ರೇಸ್ ಬಗ್ಗಿಗಳಲ್ಲಿ ಒಂದನ್ನು ನಾಗರಾಜನಿಗೂ ಇನ್ನೊಂದನ್ನು ಅವನ ಜೊತೆ ಕೆಲಸ ಮಾಡುತ್ತಿದ್ದ ಸೂಳಗಿರಿಯ ಸೆಲ್ವಂಗೂ ಕೊಟ್ಟುಹೋಗಿದ್ದ. ಬಗ್ಗಿ ಎಂದರೆ ತಗ್ಗಾಗಿ, ಕಿರಿದಾಗಿ, ಹಗುರವಾಗಿರುವ ಗಾಡಿ. ಹೆಬ್ಬೆಟ್ಟು ಗಾತ್ರದ ಎಂಜಿನ್, ಅದಕ್ಕೆ ಬೆಂಗಳೂರಿನಿಂದ ಡಬ್ಬಿಯಲ್ಲಿ ಬರುವ ಇಂಧನ. ಆ ಇಂಧನದಲ್ಲಿ ಎಂಜಿನ್ ಸವೆಯದಿರಲೆಂದು ಹರಳೆಣ್ಣೆ ಬೆರೆಸಿರುತ್ತಾರೆ. ವಾಸನೆ ಅದರದು. ಪಿಸ್ತೂಲಿನಂಥ ರಿಮೋಟನ್ನು ಎಡಗೈಯಲ್ಲಿ ಹಿಡಿದು, ಅದರ ಟ್ರಿಗರ್ ಎಳೆದರೆ ವೇಗ. ಪಕ್ಕದ ಪುಟ್ಟ ಚಕ್ರವನ್ನು ಬಲಗೈ ಬೆರಳುಗಳಿಂದ ತಿರುಗಿಸಿದರೆ ಗಾಡಿ ತಿರುಗುತ್ತದೆ. ಭಾನುವಾರ ಸಂಜೆ ಇಬ್ಬರೂ ಖಾಲಿ ಲೇಔಟುಗಳಲ್ಲಿ ಓಡಿಸುತ್ತಿದ್ದರಂತೆ. ನಾಗರಾಜನೇ ಹೆಚ್ಚು ಗೆಲ್ಲುತ್ತಿದ್ದದ್ದು, ಸೆಲ್ವಂ ಕೂಡ ಅದನ್ನು ಒಪ್ಪುತ್ತಿದ್ದ.

ಬ್ಯಾಂಡೇಜು ಬಿಚ್ಚಿದ ವಾರವೇ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಾಗರಾಜ ಬಗ್ಗಿಯನ್ನು ಓಡಿಸಿ ನೋಡಿದ. ಮೊದಲ ತಿರುವಿಗೆ ಅದು ಪಲ್ಟಿ ಹೊಡೆಯಿತು. ಎತ್ತಿ ನಿಲ್ಲಿಸಿದ, ಮತ್ತೆ ಹೊಡೆಯಿತು. ಪುಟ್ಟ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಬೇಕಾದಲ್ಲಿ ಅವನ ಬೆರಳು ಅರ್ಧ ಸುತ್ತು ತಿರುಗಿಸಿಬಿಡುತ್ತಿತ್ತು. ಎಷ್ಟು ತಿರುಗಿಸಿದೆ ಎಂಬುದು ಬೆರಳಿಗೆ ತಿಳಿದರೆ ತಾನೆ.

“ಚಳಿ” ಎಂದ. ಹೊಸೂರಿನ ನವೆಂಬರಿನಲ್ಲಿ ಚಳಿ ಇದ್ದದ್ದು ನಿಜ. ಆದರೆ ಆಗ ಮಧ್ಯಾಹ್ನ.

ಎರಡು ದಿನ ಬಗ್ಗಿಯನ್ನು ಮೂಲೆಗಿಟ್ಟ. ಮೂರನೇ ದಿನ ಮಹಡಿ ಹತ್ತಿ ಬಂದು, ನನ್ನ ಮೇಜಿನ ಮೇಲಿದ್ದ ಹಳೆಯ ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದ. ಎಡಗೈಯಲ್ಲಿ ಬರೆದದ್ದು, ಗೆರೆ ಸೊಟ್ಟ, ಅಳತೆ ಮಾತ್ರ ಸ್ಪಷ್ಟ. ಬಗ್ಗಿಯನ್ನು ಟ್ರಗ್ಗಿ ಮಾಡುತ್ತಾನಂತೆ. ಟ್ರಗ್ಗಿ ಎಂದರೆ ಬಗ್ಗಿಯ ಮೈಗೆ ಟ್ರಕ್ಕಿನ ಕಾಲು. ಚಕ್ರಗಳನ್ನು ಹಿಡಿದಿರುವ ತೋಳುಗಳು ಉದ್ದವಾಗಬೇಕು, ಆಗ ಗಾಡಿ ಅಗಲವಾಗುತ್ತದೆ. ತೋಳು ಉದ್ದವಾದರೆ ಒಳಗೆ ತಿರುಗುವ ಸರಳುಗಳೂ ಉದ್ದವಾಗಬೇಕು. ತಳದ ತಗಡು ಹಿಂದಕ್ಕೆ ಬೆಳೆಯಬೇಕು. ಚಕ್ರ ದೊಡ್ಡದಾಗಬೇಕು.

“ಬಗ್ಗಿ ಮೇಕೆಮರಿ ಇದ್ದಂಗೆ ಮೇಡಂ, ಕಿವಿ ಮುಟ್ಟಿದ್ರೆ ನೆಗೆಯುತ್ತೆ” ಎಂದ. “ಇದು ಎಮ್ಮೆ. ನಾವು ಎಳೆದ ಮೇಲೆ ಯೋಚ್ನೆ ಮಾಡಿ ತಿರುಗುತ್ತೆ.”

ಅಂಥ ತೋಳು, ಸರಳುಗಳ ಕಿಟ್ಟು ಹೊರದೇಶಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ತರಿಸುವ ಮಾತನ್ನು ಅವನು ಆಡಲೇ ಇಲ್ಲ. ಸೆಲ್ವಂನ ಅಣ್ಣ ಸೂಳಗಿರಿಯಲ್ಲಿ ಲೋಹ ಕಡೆಯುವ ಒಂದು ಸಣ್ಣ ಲೇತ್ ಶೆಡ್ಡು ಇಟ್ಟಿದ್ದರು. ಬೇರೆ ವರ್ಷವಾಗಿದ್ದರೆ ಆ ಲೇತಿಗೆ ಉಸಿರಾಡಲು ಪುರಸೊತ್ತಿರುತ್ತಿರಲಿಲ್ಲ. ಆ ಚಳಿಗಾಲ ಅದು ಸುಮ್ಮನೆ ನಿಂತಿತ್ತು. ಕೆಲಸವಿಲ್ಲದ ಯಂತ್ರ, ರಜೆಯಲ್ಲಿದ್ದ ಸೆಲ್ವಂ, ಮೂಲೆಯಲ್ಲಿ ಬಿದ್ದಿದ್ದ ದಪ್ಪ ನೈಲಾನ್ ಹಲಗೆ ಮತ್ತು ಅಲ್ಯೂಮಿನಿಯಂ ತುಂಡುಗಳು. ಟ್ರಗ್ಗಿ ಆದದ್ದು ಇವುಗಳಿಂದ. ನಾನು ಹೆದ್ದಾರಿಯ ಅಪಘಾತಗಳ ಸುದ್ದಿಗೆ ಆ ಕಡೆ ಹೋದಾಗಲೆಲ್ಲ ಶೆಡ್ಡಿಗೆ ಇಣುಕುತ್ತಿದ್ದೆ.

ಅಳತೆ ಹಾಕುವುದು, ಗೆರೆ ಎಳೆಯುವುದು, ಎಲ್ಲಿ ತೂತು, ಎಲ್ಲಿ ಇಳಿಜಾರು ಎಂದು ತೀರ್ಮಾನಿಸುವುದು ನಾಗರಾಜ. ಕೊರೆಯುವುದು, ಕಡೆಯುವುದು ಸೆಲ್ವಂ. ಮೊದಲ ವಾರ ಇಬ್ಬರಿಗೂ ಇದು ತಾತ್ಕಾಲಿಕ ಏರ್ಪಾಡು. ಆಮೇಲೆ ಅದೇ ರೂಢಿಯಾಯಿತು. ಮನೆಯಲ್ಲಿ ಜೋಡಿಸುವಾಗ ನಾಗರಾಜನ ಕೈಯಿಂದ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು ಜಾರುತ್ತಿದ್ದವು. ಸುಜಾತ ಸೊಪ್ಪು ಬಿಡಿಸುತ್ತ ಕೂತಿದ್ದವಳು ಹುಡುಕಿ ತಂದು ಕೊಡುತ್ತಿದ್ದಳು.

“ಮಾಮ, ಇದು ಬಿದ್ದಿದ್ದು ನಾಲ್ಕನೇ ಸಲ. ಕೊಡಿಲ್ಲಿ, ನಾನೇ ಹಾಕ್ತೀನಿ.”

“ನೀನ್ ಸೊಪ್ಪು ಬಿಡಿಸು.”

“ಸೊಪ್ನಾಗೆ ಎರಡು ಸ್ಕ್ರೂ ಸಿಕ್ಕವೆ. ಸಾರಿಗೆ ಹಾಕ್ಲಾ, ಗಾಡಿಗೆ ಹಾಕ್ಲಾ?”

ಅವನು ನಗಲಿಲ್ಲ. ಸ್ಕ್ರೂವನ್ನು ಅವಳ ಅಂಗೈಯಿಂದ ಎಡಗೈಯಲ್ಲಿ ತೆಗೆದುಕೊಂಡ. ಅದು ಐದನೇ ಸಲ ಬಿದ್ದ ಮೇಲೆ ಸ್ಕ್ರೂ ಹಾಕುವ ಕೆಲಸ ಅವಳದಾಯಿತು.

ಡಿಸೆಂಬರ್ ನಡುವಿಗೆ ಗಾಡಿ ನೆಲದ ಮೇಲೆ ನಿಂತಿತು. ಮುಂಚಿಗಿಂತ ಒಂದು ಗೇಣು ಅಗಲ ಕಾಣುತ್ತಿತ್ತು, ಚಕ್ರಗಳು ಬನ್ನಿನಷ್ಟಿದ್ದವು. ಸೆಲ್ವಂ ಒಂದು ಮಾತು ಹೇಳಿದ: “ಅಣ್ಣಾ, ಚಕ್ರ ದೊಡ್ಡದಾಯ್ತು. ಗೇರ್ ಬದ್ಲಾಯಿಸ್ಬೇಕು. ಎಂಜಿನ್ ಕಡೆ ಹಲ್ಲು ಕಮ್ಮಿ ಮಾಡು.” ನಾಗರಾಜ ತನ್ನ ಡಿಪ್ಲೊಮಾ ನೆನಪಿಸಿದ. ಎಂಜಿನ್‌ಗೆ ತಾಕತ್ತಿದೆ, ಎಳೆಯುತ್ತದೆ ಎಂದ. ಎಳೆಯಿತು. ಖಾಲಿ ಸೈಟನ್ನು ನಾಲ್ಕಾರು ಸುತ್ತು ಹಾಕಿ, ಬೀದಿಯ ತುಂಬ ನೀಲಿ ಹೊಗೆ ಬಿಟ್ಟು ನಿಂತಿತು. ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ಆ ಹೊತ್ತಿಗೆ ಹೊಸೂರಿನ ಸಂತೆಗೆಂದು ಬಂದಿದ್ದ ಮುನಿಯಪ್ಪನವರು ಗೇಟಿನ ಬಳಿ ಮೂಗು ಅರಳಿಸಿ ನಿಂತರು.

“ಏನ್ಲಾ ನಾಗ, ಹರಳೆಣ್ಣೆ ವಾಸ್ನೆ. ಕಾರಿಗೂ ಬೇದಿಗೆ ಕೊಡ್ತಾರೇನ್ಲಾ?”

“ಬಾವ, ಅದು ಎಂಜಿನ್ ಆಯಿಲ್ಲು.”

“ಅದಕ್ಕೇಯಾ ಹಿಂಗೆ ಸುಸ್ತಾಗಿ ಕುಂತದೆ.”

ಮರುದಿನ ನಾಗರಾಜ ಸೂಳಗಿರಿಗೆ ಹೋಗಿ ಹಲ್ಲು ಕಡಿಮೆಯಿರುವ ಗೇರು ಮಾಡಿಸಿಕೊಂಡು ಬಂದ. ‘ಮೊದಲೇ ಹೇಳಿದ್ದೆ’ ಎನ್ನದೆ ಇರುವುದಕ್ಕೆ ಸೆಲ್ವಂಗೆ ಕಷ್ಟವಾದದ್ದು ಮುಖದಲ್ಲಿ ಕಾಣುತ್ತಿತ್ತು.

ಓಡಿಸಲು ಜಾಗ ಕೊಟ್ಟದ್ದು ಮುನಿಯಪ್ಪನವರು. ಅವರ ಹೊಲದಲ್ಲಿ ರಾಗಿ ಬಡಿಯುವ ಕಣ ದೊಡ್ಡದು, ಅಕ್ಕಪಕ್ಕದ ನಾಲ್ಕು ಮನೆಯವರ ಒಕ್ಕಣೆಯೂ ಅಲ್ಲೇ ಆಗುತ್ತಿತ್ತು. ಸಂಕ್ರಾಂತಿಯ ಮುಂಚಿನ ಭಾನುವಾರಕ್ಕೆ ರಾಶಿ ಎಲ್ಲ ಮನೆ ಸೇರಿ ಕಣ ಖಾಲಿಯಾಗಿತ್ತು. ಸೆಲ್ವಂ ತನ್ನ ಬಗ್ಗಿ ತರುವುದು, ನಾಗರಾಜ ಟ್ರಗ್ಗಿ ತರುವುದು, ಇಬ್ಬರೂ ಪಂದ್ಯ ಓಡಿಸುವುದು ಎಂದಾಯಿತು. ಮುಂದಿನ ವಾರ ಕೈಯ ಪರೀಕ್ಷೆ. ನಾಗರಾಜ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು: ಕಣದಲ್ಲಿ ಗಾಡಿ ಬೀಳದಿದ್ದರೆ, ಬೆಂಚಿನ ಮೇಲೆ ಅರವೂ ಕೈತಪ್ಪುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ.

ಸೆಲ್ವಂ ಮತ್ತು ನಾನು ಬೆಳಗ್ಗೆ ಎಂಟಕ್ಕೆ ತಲುಪಿದಾಗ ಮಂಜು ಇನ್ನೂ ಕವಿದಿತ್ತು. ಕಣ ನೋಡಿ ಸೆಲ್ವಂ ತಲೆಯ ಮೇಲೆ ಕೈಯಿಟ್ಟುಕೊಂಡ. ಹಿಂದಿನ ದಿನ ಬಾವ, ಬಾಮೈದ ಇಬ್ಬರೂ ಸೇರಿ ಕಣವನ್ನು ‘ತಯಾರು’ ಮಾಡಿದ್ದರು. ಆ ಸೀಮೆಯವರಿಗೆ ನೆಲ ತಯಾರು ಮಾಡುವುದೆಂದರೆ ಒಂದೇ ವಿಧಾನ. ಹೆರೆದು, ನೀರು ಚಿಮುಕಿಸಿ, ಕಲ್ಲುಗುಂಡು ಉರುಳಿಸಿ, ಮೇಲೆ ಸಗಣಿಯ ಬಗ್ಗಡ ಸಾರಿಸಿದ್ದರು. ಒಂದು ಕಾಳೂ ಬಿರುಕಿಗೆ ಸೇರದಷ್ಟು ನುಣುಪು. ರಾಗಿಗೆ ಅದು ಬೇಕು. ರೇಸಿಗೆ ಬೇಕಾದದ್ದು ಒರಟು ಮಣ್ಣು. ರಾತ್ರಿಯ ಮಂಜಿಗೆ ಸಗಣಿ ನೆನೆದು ಸಾಬೂನಿನಂತಾಗಿತ್ತು. ನಾಗರಾಜ ಒಂದು ಸುತ್ತು ಬಿಟ್ಟ. ಟ್ರಗ್ಗಿ ಕಣದ ತುದಿಯಿಂದ ತುದಿಗೆ ಅಡ್ಡಡ್ಡ ಜಾರಿ ಹುಲ್ಲಿನ ಬಣವೆಗೆ ನುಗ್ಗಿತು.

“ಹದಿನಾಲ್ಕು ವರ್ಷ ಅಚ್ಚು ಮಾಡ್ದೋನು” ಎಂದಳು ಸುಜಾತ, ಪೊರಕೆ ತರಲು ಹೋಗುತ್ತ.

“ನಂಗೇನ್ ಗೊತ್ತು, ನಿಮ್ಮಪ್ಪ ಸಾರ್ಸಲಾ ಅಂದ್ರು, ಸಾರ್ಸಿದೆ.”

“ನೀನು ಕಣ ಬೇಕು ಅಂದೆ, ನಾನು ಕಣ ಮಾಡ್ಕೊಟ್ಟೆ” ಎಂದರು ಮುನಿಯಪ್ಪನವರು. “ರೋಡ್ ಬೇಕು ಅಂದಿದ್ರೆ ಪಂಚಾಯ್ತಿಗೆ ಅರ್ಜಿ ಕೊಡ್ಬೇಕಾಗಿತ್ತು.”

ಬಿಸಿಲು ಬರುವವರೆಗೆ ಕಾದು, ಪೊರಕೆಯಲ್ಲಿ ಕೆರೆದು, ಮೇಲೆ ಹೊಲದ ಕೆಂಪು ಮಣ್ಣು ಚೆಲ್ಲಿದೆವು. ಅಷ್ಟರಲ್ಲಿ ಮುನಿಯಪ್ಪನವರು ಎರಡು ನಿಯಮ ಹಾಕಿದರು. ಮೊದಲನೆಯದು, ಖಾಲಿಯಾದರೂ ಕಣ ಕಣವೇ, ಚಪ್ಪಲಿ ಹೊರಗೆ ಬಿಡಬೇಕು. ರಿಮೋಟ್ ಹಿಡಿದ ಇಬ್ಬರೂ ಬರಿಗಾಲಲ್ಲಿ ನಿಂತರು. ಎರಡನೆಯದು, ಕಣದ ನಡುವೆ ಅವರು ಸಗಣಿಯಲ್ಲಿ ಬೆನಕ ಮಾಡಿ, ಗರಿಕೆ ಸಿಕ್ಕಿಸಿ ಇಟ್ಟರು. ರಾಶಿ ಪೂಜೆಯ ದಿನ ಇಡುವ ಅದೇ ಮುಷ್ಟಿಗಾತ್ರದ ಗಣಪ.

“ಇದನ್ನ ಸುತ್ತಾಕ್ಕೊಂಡು ಓಡಿಸ್ಬೇಕು. ಬೆನಕಪ್ಪನ್ನ ಮುಟ್ಟಿದೋನು ಸೋತಂಗೆ.”

ಓಟ ಶುರುವಾಯಿತು. ಸೆಲ್ವಂನ ಬಗ್ಗಿ ಮೊದಲಿಂದಲೂ ಮುಂದಿತ್ತು. ಟ್ರಗ್ಗಿ ಅದರ ಹಿಂದೆ ಕೆಂಪು ಧೂಳೆಬ್ಬಿಸುತ್ತ, ತಿರುವಿನಲ್ಲಿ ಅಗಲವಾಗಿ ಸುತ್ತಿಕೊಂಡು ಬರುತ್ತಿತ್ತು. ನಾನು ನಾಗರಾಜನ ಕೈ ನೋಡುತ್ತಿದ್ದೆ. ಬೆರಳು ಮುಂಚಿನಂತೆಯೇ ಹೆಚ್ಚು ತಿರುಗಿಸುತ್ತಿತ್ತು, ಮತ್ತೆ ಹಿಂದಕ್ಕೆ ತರುತ್ತಿತ್ತು. ಆದರೆ ಆ ತಪ್ಪು ಗಾಡಿಯನ್ನು ತಲುಪುವಷ್ಟರಲ್ಲಿ ಸಣ್ಣದಾಗಿರುತ್ತಿತ್ತು. ಕೊನೆಯ ಸುತ್ತುಗಳಲ್ಲಿ ಸೆಲ್ವಂ ಆತುರಕ್ಕೆ ಬಿದ್ದು ಬದುವಿಗೆ ಗುದ್ದಿದ. ಟ್ರಗ್ಗಿ ಒಮ್ಮೆಯೂ ಬೀಳದೆ, ಬೆನಕನ ಗರಿಕೆಯನ್ನೂ ಅಲುಗಿಸದೆ ಓಟ ಮುಗಿಸಿತು.

ಮುನಿಯಪ್ಪನವರಿಗೆ ಖುಷಿಯಾದದ್ದನ್ನು ನಾನು ಮೊದಲ ಸಲ ನೋಡಿದೆ. “ಕೈ ಸರಿಹೋಗ್ಬುಡ್ತು ಕಣಮ್ಮೀ” ಎಂದು ಮಗಳಿಗೆ ಕೂಗಿ ಹೇಳಿದರು. ಸುಜಾತ ಅಡುಗೆಗೆ ಎದ್ದಳು. ನಾಗರಾಜ ರಿಮೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಟ್ರಗ್ಗಿಯನ್ನೇ ನೋಡುತ್ತಿದ್ದ. ಗೆದ್ದವನ ಮುಖ ಇರಲಿಲ್ಲ.

“ಸೆಲ್ವಂ, ನಿನ್ ಬಗ್ಗಿ ಕೊಡು.”

“ಯಾಕಣ್ಣಾ? ಊಟ ಮಾಡೋಣ ಬಾ.”

“ಕೊಡು ಅಂದೆ.”

ಸೆಲ್ವಂ ಬಗ್ಗಿಯನ್ನು ನೆಟ್ಟಗೆ ನಿಲ್ಲಿಸಿ ಅದರ ರಿಮೋಟ್ ಕೊಟ್ಟ. ನಾಗರಾಜ ಬಗ್ಗಿಯನ್ನು ಒಂದು ಬದಿ ನೇರಕ್ಕೆ ಓಡಿಸಿ, ತಿರುವಿಗೆ ತಂದ. ಅದು ಮೇಕೆಮರಿಯಂತೆ ನೆಗೆದು, ಎರಡು ಉರುಳು ಉರುಳಿ, ಬೆನಕನ ಮೇಲೆ ಬಿತ್ತು. ಗರಿಕೆ ಒಂದು ಕಡೆ, ಸಗಣಿ ಒಂದು ಕಡೆ. ಬೋರಲು ಬಿದ್ದ ಬಗ್ಗಿಯ ಚಕ್ರಗಳು ಸ್ವಲ್ಪ ಹೊತ್ತು ತಿರುಗಿ ನಿಂತವು.

ಹಬ್ಬದ ಹತ್ತಿರ ಕಣದ ಬೆನಕನನ್ನು ಕೆಡವುವುದು ಆ ಮನೆಯಲ್ಲಿ ಸಣ್ಣ ವಿಷಯವಲ್ಲ. ಸುಜಾತಳ ತಾಯಿ ಸೆರಗನ್ನು ಬಾಯಿಗೆ ಹಿಡಿದರು. ನಾಗರಾಜ ಬರಿಗಾಲಲ್ಲಿ ನಿಂತಲ್ಲೇ ನಿಂತಿದ್ದ.

“ಗಾಡಿ ಸರಿಹೋಗಿರಾದು ಬಾವ” ಎಂದ. “ಕೈ ಅಲ್ಲ.”

ಮುನಿಯಪ್ಪನವರು ಕಣದ ನಡುವಿಗೆ ನಡೆದುಹೋಗಿ, ಬಗ್ಗಿಯನ್ನು ಎತ್ತಿ ಸೆಲ್ವಂ ಕೈಗೆ ಕೊಟ್ಟರು. ಚೆದುರಿದ ಸಗಣಿಯನ್ನು ಬದಿಗೆ ಸರಿಸಿದರು. ಕೊಟ್ಟಿಗೆಗೆ ಹೋಗಿ ಹಸಿ ಸಗಣಿ ತಂದು, ಕುಕ್ಕರುಗಾಲಲ್ಲಿ ಕೂತು, ಹೊಸ ಬೆನಕನನ್ನು ಮಾಡತೊಡಗಿದರು. ಅದೇ ಗರಿಕೆಯನ್ನು ಧೂಳು ಕೊಡವಿ ಸಿಕ್ಕಿಸಿದರು.

“ಮುರಿದ್ರೆ ಇನ್ನೊಂದು ಮಾಡದಪ್ಪ. ಇದೇನು ಕಲ್ಲಿಂದಾ?” ಎಂದರು. ಸಗಣಿ ಮೆತ್ತಿದ ಕೈ ಒರೆಸಿಕೊಳ್ಳುತ್ತ, “ಆ ಅಗಲದ ಗಾಡಿ ಯಾರ್ ಮಾಡಿದ್ದು?”

“ನಾನೇ.”

“ಯಾವ್ ಕೈಯಾಗೆ?”

ನಾಗರಾಜ ತನ್ನ ಎಡಗೈ ನೋಡಿಕೊಂಡ. ಊಟಕ್ಕೆ ಕೂತ. ಅವರೆಕಾಳು ಸಾರು, ಮುದ್ದೆ. ಮುದ್ದೆ ಮುರಿಯಲು ಬೆರಳಿನ ಸೂಕ್ಷ್ಮ ಬೇಕಿಲ್ಲ, ಎರಡು ಮುದ್ದೆ ಉಂಡ.

ಪರೀಕ್ಷೆಯ ದಿನ ಕಾರ್ಖಾನೆಯೊಳಗೆ ನಾನಿರಲಿಲ್ಲ. ಇದು ನಾಗರಾಜ ಹೇಳಿದ್ದು, ಜೊತೆಗೆ ಹೋಗಿದ್ದ ಸೆಲ್ವಂ ಹೌದೆಂದದ್ದು. ನಾಗರಾಜ ಟ್ರಗ್ಗಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋದ. ಗೇಟಿನವರು ಚೀಲ ಬಿಚ್ಚಿಸಿ, ಆಟದ ಸಾಮಾನು ಒಳಗೆ ಬಿಡುವುದಿಲ್ಲ ಎಂದರು. ಇನ್ನೊಂದು ಸ್ವಲ್ಪ ದಿನಕ್ಕೆ ತಾನೂ ಅಲ್ಲೇ ಕೂರಬೇಕಾಗಬಹುದೆಂದು ತಿಳಿದಿದ್ದೂ ನಾಗರಾಜ ಅವರೊಂದಿಗೆ ಜಗಳವಾಡಿದ. ಕೊನೆಗೆ ಮ್ಯಾನೇಜರೇ ಫೋನು ಮಾಡಿ ಒಳಗೆ ಬಿಡಿಸಿದರು.

ಬೆಂಚಿನ ಮೇಲೆ ಅರವೂ ತುಣುಕೂ ಸಿದ್ಧವಾಗಿದ್ದವು. ಅವನು ಅರ ಮುಟ್ಟಲಿಲ್ಲ. ಟ್ರಗ್ಗಿಯನ್ನು ಬೆಂಚಿನ ಮೇಲಿಟ್ಟು, ಒಂದೊಂದೇ ಭಾಗ ತೋರಿಸಿದ. ಈ ತೋಳಿನ ಅಳತೆ ನನ್ನದು, ಕೊರೆದದ್ದು ಸೆಲ್ವಂ. ಈ ಸರಳು ಕಡೆದದ್ದು ಸೆಲ್ವಂ, ಎಷ್ಟುದ್ದ ಎಂದು ಹೇಳಿದ್ದು ನಾನು. ಈ ಗೇರಿನ ಲೆಕ್ಕ ಮೊದಲು ತಪ್ಪಿದ್ದೂ ನಾನು. ಸ್ಕ್ರೂ ಹಾಕಿದ್ದು ನನ್ನ ಹೆಂಡತಿ. ಆಮೇಲೆ ಹೇಳಿದನಂತೆ: “ಸಾರ್, ಕೂರಿಸೋ ಕೆಲ್ಸ ಈ ಕೈಲಾಗಲ್ಲ. ಬೇರೆಯೋರ ಕೈ ಪ್ರೆಸ್ ಒಳಕ್ಕೆ ಹೋಗ್ದಂಗೆ ಹಿಡಿಕೆ, ತಡೆ ಮಾಡೋ ಕೆಲ್ಸ ಕೊಡಿ. ಅದಕ್ಕೆ ಗೆರೆ ಎಳೆಯೋಕೆ ಎಡಗೈ ಸಾಕು.”

ಡಾಕ್ಟರು ಕೈ ನೋಡಿ, ಅವನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದರು. ಮ್ಯಾನೇಜರು ಕೂಡಲೇ ಒಪ್ಪಲಿಲ್ಲ. ಆರ್ಡರೇ ಇಲ್ಲದ ಕಾಲದಲ್ಲಿ ಹೊಸ ಕುರ್ಚಿ ಎಲ್ಲಿಂದ ತರುವುದು ಎಂದರಂತೆ. ಮಾರ್ಚಿನವರೆಗೆ ನಾಗರಾಜ ಸ್ಟೋರಿನಲ್ಲಿ ಬೋಲ್ಟುಗಳನ್ನು ಎಣಿಸಿದ. ಆ ದಿನಗಳಲ್ಲಿ ಮನೆಯಲ್ಲಿ ರೇಡಿಯೊ ಕೂಡ ಸಣ್ಣಗೆ ಹಾಕುತ್ತಿದ್ದರು. ಯುಗಾದಿಯ ಸುಮಾರಿಗೆ ಟೂಲ್ ರೂಮಿನ ಮೂಲೆಯಲ್ಲಿ ಒಂದು ಡ್ರಾಯಿಂಗ್ ಹಲಗೆ ಹಾಕಿಸಿ ಅವನನ್ನು ಕರೆದರು. ಮೊದಲು ಕೊಟ್ಟ ಕೆಲಸ, ಅವನ ಬೆರಳು ಸಿಕ್ಕಿಕೊಂಡ ಪ್ರೆಸ್ಸಿಗೇ ತಡೆ ಮಾಡುವುದು.

ನಾನು ಈ ಬಗ್ಗೆ ನಾಲ್ಕು ಪ್ಯಾರಾ ಬರೆದು ಕಳಿಸಿದ್ದೆ. ಆಟಿಕೆ ಕಾರಿನ ಸುದ್ದಿಗೆ ಜಾಗವಿಲ್ಲ ಎಂದು ಡೆಸ್ಕಿನಿಂದ ಉತ್ತರ ಬಂತು. ಆ ದಿನದ ಪುಟ ನೋಡಿದೆ, ನಿಜಕ್ಕೂ ಜಾಗವಿರಲಿಲ್ಲ. ಮಳೆಗಾಲಕ್ಕೆ ಮುಂಚೆ ನನ್ನನ್ನು ಬೇರೆ ಜಿಲ್ಲೆಗೆ ವರ್ಗ ಮಾಡಿದರು.

ಕಳೆದ ತಿಂಗಳು ನೋಡಲು ಹೋದದ್ದು ನಾಗರಾಜನ ಮೊಮ್ಮಗಳನ್ನು. ಆಗ ಎರಡನೇ ತರಗತಿಯಲ್ಲಿದ್ದ ಮಗಳ ಮಗು. ಬಾಣಂತನ ಮುನಿಯಪ್ಪನವರ ಹಳ್ಳಿಮನೆಯಲ್ಲಿ. ಅವರು ಈಗಿಲ್ಲ. ಕಣವಿದ್ದ ಜಾಗದಲ್ಲಿ ಗುಲಾಬಿ ಬೆಳೆಯುವ ಪಾಲಿಥೀನ್ ಮನೆ ಎದ್ದಿದೆ. ಟ್ರಗ್ಗಿ ಅಟ್ಟದ ಮೇಲಿದೆ, ಚಕ್ರದ ರಬ್ಬರು ಒಣಗಿ ಬಿರುಕು ಬಿಟ್ಟಿದೆ. ಸೆಲ್ವಂನ ಬಗ್ಗಿ ಎಲ್ಲಿದೆ ಎಂದು ಕೇಳಿದೆ. ಮುರಿದಾಗಲೆಲ್ಲ ಭಾಗ ಬದಲಾಯಿಸಿ ಇನ್ನೂ ಓಡಿಸುತ್ತಾನಂತೆ.

ತಟ್ಟೆಗೆ ಮಸಿ ಕಟ್ಟಿತ್ತು. ಸುಜಾತಳ ತಾಯಿ ಅದನ್ನು ಕೆರೆದು, ಬೆಣ್ಣೆಯಲ್ಲಿ ಕಲಸಿ, ಬಟ್ಟಲಿಗೆ ಹಾಕಿದರು. ನಾಗರಾಜ ಮುಂದೆ ಬಂದ.

“ಮಾಮ, ನೀನ್ ಬೇಡ” ಎಂದಳು ಸುಜಾತ. “ಬೆನಕಪ್ಪನ್ನೇ ಬಿಡ್ಲಿಲ್ಲ. ಇಡ್ಲೇಬೇಕು ಅಂದ್ರೆ ಅಂಗಾಲಿಗಿಡು. ಅಲ್ಲಾದ್ರೆ ಸೊಟ್ಟಗಾದ್ರೂ ನಡೀತದೆ.”

ಅವನು ಜೇಬಿನಿಂದ ಒಂದು ಕಡ್ಡಿ ತೆಗೆದ. ತುದಿ ಹಿತ್ತಾಳೆಯದು, ಸಾಸಿವೆ ಕಾಳಿನಷ್ಟು ದುಂಡಗೆ ಉಜ್ಜಿದ್ದು. ಹಿಡಿ ಮಾತ್ರ ಹುಣಸೆ ಮರದ್ದು, ಬದನೆಕಾಯಿಯಷ್ಟು ದಪ್ಪ. ಆ ಎರಡು ಬೆರಳನ್ನು ನಂಬದೆ, ಇಡೀ ಮುಷ್ಟಿಯಲ್ಲಿ ಹಿಡಿಯುವಂತೆ ಕಡೆಸಿದ್ದ. ಕಾಡಿಗೆಗೆ ಅದ್ದಿದ. ಮೊಣಕೈಯನ್ನು ತೊಟ್ಟಿಲ ಅಂಚಿಗೆ ಊರಿ, ಉಸಿರು ಹಿಡಿದು, ಮಗುವಿನ ಎಡಗೆನ್ನೆಯ ಮೇಲೆ ಒಂದು ಬೊಟ್ಟಿಟ್ಟ. ಗುಂಡಗೆ ಬಂತು.

ಮಗುವಿಗೆ ಎಚ್ಚರವಾಗಲಿಲ್ಲ.